ಬಡ್ಡಿ ಇಳಿದಿದೆ, ಮನೆ ಕೊಳ್ಳಬೇಕೆ, ಬಾಡಿಗೆಯಲ್ಲೇ ಇರಬೇಕೆ?

ಮನೆ ಕೊಳ್ಳುವ ಯೋಚನೆಯಲ್ಲಿದ್ದ ಬೆಂಗಳೂರಿನ ಕುಟುಂಬಗಳನ್ನು 2025ನೇ ಇಸವಿ ಗೊಂದಲಕ್ಕೆ ದೂಡಿತು. ಫೆಬ್ರುವರಿಯಿಂದ ಡಿಸೆಂಬರ್‌ ನಡುವೆ ಭಾರತೀಯ ರಿಸರ್ವ್ ಬ್ಯಾಂಕ್ ನಾಲ್ಕು ಸಲ ರೆಪೊ ದರ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ ದರ) ಇಳಿಸಿ, ಶೇ 6.5ರಷ್ಟಿದ್ದುದನ್ನು ಶೇ 5.25ಕ್ಕೆ ತಂದಿತು. ಗೃಹಸಾಲ ಅಗ್ಗವಾಗಿದೆ, ಕೊಳ್ಳಲು ಇದೇ ಸಕಾಲ ಎಂಬ ಮಾತು ಎಲ್ಲೆಡೆ ಕೇಳಿಬಂತು. ಅದೇ ವರ್ಷ ಆಗಸ್ಟ್ 31ರಿಂದ ರಾಜ್ಯ ಸರ್ಕಾರ ಆಸ್ತಿ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತು. ವರ್ಷದ ಕೊನೆಗೆ ಮತ್ತೊಂದು ಸುದ್ದಿ ಮೊಬೈಲ್‌ಗಳಲ್ಲಿ ಹರಿದಾಡಿತು: ದೇಶದಾದ್ಯಂತ ಹೊಸ ಬಾಡಿಗೆ ನಿಯಮ ಬಂದಿದೆ, ಇನ್ನು ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಒಂದು ಸುದ್ದಿ ಕೊಳ್ಳಿ ಎಂದಿತು, ಇನ್ನೊಂದು ತಡೆಯಿರಿ ಎಂದಿತು, ಮೂರನೆಯದು ಬಾಡಿಗೆಯೇ ಸುಖ ಎಂದಿತು.

ಬಾಡಿಗೆ ಕಟ್ಟುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಸ್ವಂತ ಸೂರು ಇಲ್ಲದವರನ್ನು ನೆಂಟರಿಷ್ಟರು ಇನ್ನೂ ನೆಲೆ ನಿಲ್ಲದವರೆಂದೇ ನೋಡುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿದರೆ ಚಿತ್ರ ಬೇರೆ. ಇವತ್ತಿನ ಬೆಂಗಳೂರಿನ ಬೆಲೆಗಳಲ್ಲಿ, ಒಂದೇ ಕಡೆ ಬಹುಕಾಲ ಇರುತ್ತೇವೆ ಎಂಬ ಖಾತ್ರಿ ಇಲ್ಲದ ಮಧ್ಯಮ ವರ್ಗದ ಕುಟುಂಬಕ್ಕೆ ಬಾಡಿಗೆ ಮನೆಯೇ ಹಣದ ದೃಷ್ಟಿಯಿಂದ ಮೇಲು. ಆ ಲಾಭ ಪೂರ್ತಿಯಾಗಿ ಕೈಗೆ ಸಿಗದಿರುವುದಕ್ಕೆ ಕಾರಣ ನಮ್ಮ ಬಾಡಿಗೆ ಕಾನೂನು ಮತ್ತು ಪದ್ಧತಿಗಳು.

ಬಡ್ಡಿ ಇಳಿದ ಲಾಭ ಯಾರ ಪಾಲಾಯಿತು?

ಒಂದು ಕೋಟಿ ರೂಪಾಯಿಯ ಫ್ಲ್ಯಾಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 20 ಲಕ್ಷ ಕೈಯಿಂದ ಹಾಕಿ 80 ಲಕ್ಷ ಸಾಲ ಮಾಡಿದರೆ, ಶೇ 8.75ರ ಬಡ್ಡಿಯಲ್ಲಿ 20 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 70,700 ರೂಪಾಯಿ. ರೆಪೊ ದರ ಇಳಿದಷ್ಟೂ ಸಾಲದ ಬಡ್ಡಿಯೂ ಇಳಿದು ಶೇ 7.5ಕ್ಕೆ ಬಂದರೆ ಕಂತು ಸುಮಾರು 64,450 ರೂಪಾಯಿ ಆಗುತ್ತದೆ. ತಿಂಗಳಿಗೆ ಆರು ಸಾವಿರಕ್ಕೂ ಹೆಚ್ಚು ಉಳಿತಾಯ.

ಈಗ ಅದೇ ಫ್ಲ್ಯಾಟಿನ ಬೆಲೆ ಶೇ 10ರಷ್ಟು ಏರಿ 1.10 ಕೋಟಿ ಆಯಿತೆನ್ನಿ. ಶೇ 80ರಷ್ಟು ಸಾಲವೆಂದರೆ 88 ಲಕ್ಷ. ಶೇ 7.5ರ ಅಗ್ಗದ ಬಡ್ಡಿಯಲ್ಲೂ ಕಂತು 70,900 ರೂಪಾಯಿಗೆ ಬಂದು ನಿಲ್ಲುತ್ತದೆ, ಅಂದರೆ ಮೊದಲು ಇದ್ದಷ್ಟೇ. ಮೇಲಾಗಿ ಕೈಯಿಂದ ಹಾಕಬೇಕಾದ ಹಣ 20 ಲಕ್ಷದಿಂದ 22 ಲಕ್ಷಕ್ಕೆ ಏರಿರುತ್ತದೆ. ಇದು ಕಾಕತಾಳೀಯವಲ್ಲ. ಬಡ್ಡಿ ಇಳಿದಾಗ ಅದೇ ಸಂಬಳಕ್ಕೆ ಹೆಚ್ಚು ಸಾಲ ಸಿಗುತ್ತದೆ. ಹೆಚ್ಚು ಸಾಲ ಸಿಕ್ಕವರು ಹೆಚ್ಚು ಬೆಲೆ ಕೊಡಲು ಮುಂದಾಗುತ್ತಾರೆ, ಮಾರುವವರು ಬೆಲೆ ಏರಿಸುತ್ತಾರೆ. ಬಡ್ಡಿ ಇಳಿಕೆಯ ಲಾಭ ಸಾಲಗಾರನ ಕೈ ದಾಟಿ ಮಾರಾಟಗಾರನ ಕೈ ಸೇರುತ್ತದೆ.

ಇನ್ನು ನೋಂದಣಿಯ ಖರ್ಚು. 45 ಲಕ್ಷ ರೂಪಾಯಿ ಮೀರಿದ ಆಸ್ತಿಗೆ ಶೇ 5ರ ಮುದ್ರಾಂಕ ಶುಲ್ಕ, ಆ ಶುಲ್ಕದ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6 ಆಗುತ್ತದೆ. ಅದರ ಜತೆಗೆ ಶೇ 1ರ ನೋಂದಣಿ ಶುಲ್ಕ ಇದ್ದಾಗ ಒಟ್ಟು ಶೇ 6.6 ಆಗುತ್ತಿತ್ತು, ಈಗ ಶೇ 7.6. ಕೋಟಿ ರೂಪಾಯಿಯ ಕ್ರಯಪತ್ರಕ್ಕೆ 7.60 ಲಕ್ಷ ರೂಪಾಯಿ. ಕಟ್ಟಡ ಇನ್ನೂ ನಿರ್ಮಾಣ ಹಂತದಲ್ಲಿದ್ದರೆ ಶೇ 5ರ ಜಿಎಸ್‌ಟಿ ಬೇರೆ. ಈ ಹಣ ಮನೆಯ ಗೋಡೆಗೂ ಸೇರುವುದಿಲ್ಲ, ಸಾಲವನ್ನೂ ತೀರಿಸುವುದಿಲ್ಲ. ಮಾರುವ ದಿನ ವಾಪಸೂ ಬರುವುದಿಲ್ಲ.

ಇಳಿದ ಬಡ್ಡಿ 20 ವರ್ಷ ಹಾಗೆಯೇ ಇರುತ್ತದೆ ಎಂದುಕೊಳ್ಳುವುದೂ ತಪ್ಪು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗಿನ ಹತ್ತೇ ತಿಂಗಳಲ್ಲಿ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಜಿಗಿದಿತ್ತು. ಅದಕ್ಕೆ ಮೊದಲು ಶೇ 6.75ರ ಬಡ್ಡಿಗೆ 80 ಲಕ್ಷ ಸಾಲ ಪಡೆದವರ ಕಂತು ಸುಮಾರು 60,800 ರೂಪಾಯಿ ಇತ್ತು. ಬಡ್ಡಿ ಶೇ 9.25 ಆದಾಗ ಅಷ್ಟು ಸಾಲದ ಮೇಲಿನ ಒಂದು ತಿಂಗಳ ಬಡ್ಡಿಯೇ 61,600 ರೂಪಾಯಿ ದಾಟುತ್ತದೆ. ಕಟ್ಟುತ್ತಿದ್ದ ಪೂರ್ತಿ ಕಂತು ಬಡ್ಡಿಗೂ ಸಾಲದು! ಹಲವು ಬ್ಯಾಂಕುಗಳು ಕಂತು ಏರಿಸುವ ಬದಲು ಅವಧಿಯನ್ನು ಎಳೆದವು. ನಿವೃತ್ತಿಗೆ ಮುನ್ನ ತೀರಬೇಕಿದ್ದ ಸಾಲಗಳು ನಿವೃತ್ತಿಯ ಆಚೆಗೆ ಹೋದವು. ಅವಧಿ ಹೆಚ್ಚಿಸಬೇಕೋ ಕಂತು ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಬೇಕಾಯಿತು.

ಕಂತಿನೊಳಗೂ ಬಾಡಿಗೆ ಇದೆ

ಮುಂದಿನ ಲೆಕ್ಕಕ್ಕೆ, ಏರಿಳಿತಗಳನ್ನೆಲ್ಲ ಸೇರಿಸಿ 20 ವರ್ಷದ ಸರಾಸರಿ ಬಡ್ಡಿ ಶೇ 8 ಎಂದಿಟ್ಟುಕೊಳ್ಳೋಣ. 80 ಲಕ್ಷ ಸಾಲಕ್ಕೆ ಕಂತು 66,915 ರೂಪಾಯಿ. ಮೊದಲ ತಿಂಗಳ ಕಂತನ್ನು ಬಿಡಿಸಿ ನೋಡಿ: 53,333 ರೂಪಾಯಿ ಬಡ್ಡಿಗೆ, 13,582 ರೂಪಾಯಿ ಮಾತ್ರ ಅಸಲಿಗೆ. ಮೊದಲ ವರ್ಷ ಕಟ್ಟಿದ ಎಂಟು ಲಕ್ಷದಲ್ಲಿ ಸಾಲ ತಗ್ಗುವುದು 1.69 ಲಕ್ಷದಷ್ಟು. ಐದು ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಕಟ್ಟಿದ ಮೇಲೂ ಬ್ಯಾಂಕಿನ ಪುಸ್ತಕದಲ್ಲಿ 70 ಲಕ್ಷ ಬಾಕಿ ನಿಂತಿರುತ್ತದೆ.

ಬೆಂಗಳೂರಿನಲ್ಲಿ ಮನೆಯ ಬೆಲೆಗೆ ಹೋಲಿಸಿದರೆ ವಾರ್ಷಿಕ ಬಾಡಿಗೆ ಸಾಮಾನ್ಯವಾಗಿ ಶೇ 3ರಿಂದ 4ರ ಆಸುಪಾಸಿನಲ್ಲಿದೆ. ಆ ಪ್ರಕಾರ ಕೋಟಿ ರೂಪಾಯಿಯ ಫ್ಲ್ಯಾಟಿಗೆ ತಿಂಗಳಿಗೆ 30,000 ರೂಪಾಯಿ ಬಾಡಿಗೆ. ಅದೇ ಫ್ಲ್ಯಾಟನ್ನು ಕೊಂಡವರು ಮೊದಲ ವರ್ಷ ಬ್ಯಾಂಕಿಗೆ ಕಟ್ಟುವ ಬಡ್ಡಿಯೇ 6.34 ಲಕ್ಷ, ಬಾಡಿಗೆಗೆ ಇರುವವರು ಮಾಲೀಕರಿಗೆ ಕೊಡುವುದು 3.60 ಲಕ್ಷ. ಬಡ್ಡಿ ಎನ್ನುವುದು ಬ್ಯಾಂಕಿನ ಹಣಕ್ಕೆ ಕೊಡುವ ಬಾಡಿಗೆ. ಮನೆಯ ಬಾಡಿಗೆ ವ್ಯರ್ಥವೆನ್ನುವವರು ಹಣದ ಬಾಡಿಗೆಯನ್ನೂ ವ್ಯರ್ಥದ ಪಟ್ಟಿಗೇ ಸೇರಿಸಬೇಕು. ಇವೆರಡರಲ್ಲಿ ಹಣದ ಬಾಡಿಗೆಯೇ ದೊಡ್ಡದು.

ಕೈಯಿಂದ ಹಾಕಿದ 20 ಲಕ್ಷ ಮತ್ತು ನೋಂದಣಿಯ 7.60 ಲಕ್ಷವನ್ನೂ ಮರೆಯುವಂತಿಲ್ಲ. ಆ 27.60 ಲಕ್ಷವನ್ನು ಠೇವಣಿಯಲ್ಲೋ ಮ್ಯೂಚುವಲ್ ಫಂಡ್‌ನಲ್ಲೋ ಇಟ್ಟಿದ್ದರೆ ಬರುತ್ತಿದ್ದ ಆದಾಯ ಮನೆ ಕೊಂಡ ದಿನವೇ ನಿಂತುಹೋಗುತ್ತದೆ. ಜತೆಗೆ ಆಸ್ತಿ ತೆರಿಗೆ, ಸುಣ್ಣಬಣ್ಣ, ನೀರು ಸೋರುವ ಚಾವಣಿ, ಲಿಫ್ಟ್ ರಿಪೇರಿಯ ಪಾಲು ಎಲ್ಲವೂ ಮಾಲೀಕನ ತಲೆಗೇ.

ಎಷ್ಟು ವರ್ಷ ಇರುತ್ತೀರಿ ಎಂಬುದೇ ಮುಖ್ಯ

ಇಬ್ಬರನ್ನು ಎದುರುಬದುರು ನಿಲ್ಲಿಸೋಣ. ಒಬ್ಬರು ಮೇಲಿನ ಫ್ಲ್ಯಾಟನ್ನು ಕೊಳ್ಳುತ್ತಾರೆ. ಇನ್ನೊಬ್ಬರು ಅದೇ ಬಡಾವಣೆಯಲ್ಲಿ 30,000 ರೂಪಾಯಿಗೆ ಬಾಡಿಗೆ ಹಿಡಿಯುತ್ತಾರೆ, 3 ಲಕ್ಷ ಅಡ್ವಾನ್ಸ್ ಕೊಡುತ್ತಾರೆ, ಉಳಿದ ಹಣವನ್ನೂ ಕಂತಿಗೂ ಬಾಡಿಗೆಗೂ ಇರುವ ವ್ಯತ್ಯಾಸವನ್ನೂ ತಿಂಗಳು ತಪ್ಪದೆ ಶೇ 8 ಆದಾಯ ಬರುವಂತೆ ಹೂಡುತ್ತಾರೆ. ಬಾಡಿಗೆ ವರ್ಷಕ್ಕೆ ಶೇ 6ರಂತೆ ಏರುತ್ತದೆ. ಮಾಲೀಕರಿಗೆ ತೆರಿಗೆ, ದುರಸ್ತಿಗೆಂದು ವರ್ಷಕ್ಕೆ 50 ಸಾವಿರ ತಗಲುತ್ತದೆ, ಅದೂ ಶೇ 6ರಂತೆ ಹೆಚ್ಚುತ್ತದೆ.

ಐದು ವರ್ಷದ ಬಳಿಕ ಮನೆ ಮಾರಬೇಕಾಗಿ ಬಂದರೆ, ದಲ್ಲಾಳಿ ಮತ್ತಿತರ ಖರ್ಚಿಗೆ ಶೇ 2 ಬಿಟ್ಟು, ಇಬ್ಬರೂ ಸಮವಾಗಲು ಮನೆಯ ಬೆಲೆ ವರ್ಷಕ್ಕೆ ಸುಮಾರು ಶೇ 7ರಂತೆ ಏರಿರಬೇಕು. ಅದಕ್ಕಿಂತ ಕಡಿಮೆ ಏರಿದರೆ ಬಾಡಿಗೆಯವರೇ ಮುಂದೆ. ಹತ್ತು ವರ್ಷವಾದರೆ ಶೇ 6 ಸಾಕು. ಇಪ್ಪತ್ತು ವರ್ಷ ಅದೇ ಮನೆಯಲ್ಲಿ ಇದ್ದರೆ ಶೇ 5ರ ಮೇಲೊಂದಿಷ್ಟು ಏರಿದರೂ ಕೊಂಡವರು ಸಮಕ್ಕೆ ಬರುತ್ತಾರೆ. ಅವಧಿ ಉದ್ದವಾದಂತೆ ಈ ಗೆರೆ ಕೆಳಗಿಳಿಯುವುದಕ್ಕೆ ಎರಡು ಕಾರಣ. ನೋಂದಣಿಯ ದೊಡ್ಡ ಖರ್ಚು ಹೆಚ್ಚು ವರ್ಷಗಳಿಗೆ ಹಂಚಿಹೋಗುತ್ತದೆ. ಬಾಡಿಗೆ ಏರುತ್ತ ಹೋಗಿ 15ನೇ ವರ್ಷದ ಹೊತ್ತಿಗೆ ಕಂತನ್ನೇ ದಾಟುತ್ತದೆ.

ಹಾಗಾದರೆ ಬೆಲೆ ಎಷ್ಟು ಏರುತ್ತದೆ? ರಿಸರ್ವ್ ಬ್ಯಾಂಕಿನ ಅಖಿಲ ಭಾರತ ಮನೆ ಬೆಲೆ ಸೂಚ್ಯಂಕ ಇತ್ತೀಚಿನ ವರ್ಷಗಳಲ್ಲಿ ಶೇ 3ರಿಂದ 5ರ ಆಸುಪಾಸಿನಲ್ಲೇ ಏರಿದೆ. ಬೆಂಗಳೂರಿನ ಕೆಲವು ಭಾಗಗಳಲ್ಲಿ 2022ರ ನಂತರ ಬೆಲೆ ಇದಕ್ಕಿಂತ ಬಹಳ ವೇಗವಾಗಿ ಓಡಿತು ಎಂಬುದು ನಿಜ. ಆದರೆ ಅದಕ್ಕೆ ಹಿಂದಿನ ಹಲವು ವರ್ಷ ಇದೇ ನಗರದ ಫ್ಲ್ಯಾಟುಗಳ ಬೆಲೆ ಕದಲದೆ ನಿಂತಿತ್ತು ಎಂಬುದೂ ನಿಜ. ಏರಿದ ಮೂರು ವರ್ಷವನ್ನು ಮಾತ್ರ ಹಿಡಿದು 20 ವರ್ಷದ ಸಾಲಕ್ಕೆ ಸಹಿ ಹಾಕುವುದು ಅಪಾಯ.

ಇಲ್ಲಿ ಫ್ಲ್ಯಾಟ್ ಮತ್ತು ನಿವೇಶನದ ವ್ಯತ್ಯಾಸವನ್ನೂ ಗಮನಿಸಬೇಕು. ‘ಮನೆಗೆ ಹಾಕಿದ ಹಣ ಮುಳುಗುವುದಿಲ್ಲ’ ಎಂಬ ಮಾತು ಹುಟ್ಟಿದ್ದು ಹಿಂದಿನವರು ಸೈಟು ಕೊಂಡು ಮನೆ ಕಟ್ಟಿದ ಕಾಲದಲ್ಲಿ. ಬೆಲೆ ಏರುವುದು ನೆಲಕ್ಕೆ. ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. 1,200 ಚದರಡಿಯ ಸೈಟಿನ ಒಡೆಯನಿಗೆ ಪೂರ್ತಿ ನೆಲ ತನ್ನದು. ಇಪ್ಪತ್ತು ಮಹಡಿಯ ಸಮುಚ್ಚಯದಲ್ಲಿ 1,200 ಚದರಡಿಯ ಫ್ಲ್ಯಾಟ್ ಕೊಂಡವರಿಗೆ ಸಿಗುವುದು ಅವಿಭಜಿತ ಜಾಗದ ಒಂದು ಸಣ್ಣ ಪಾಲು. ಅಪ್ಪ ಅಮ್ಮ ಸೈಟಿನಲ್ಲಿ ಕಂಡ ಲಾಭವನ್ನು ಮಕ್ಕಳು ಫ್ಲ್ಯಾಟಿನಲ್ಲಿ ನಿರೀಕ್ಷಿಸಿದರೆ ನಿರಾಸೆಯಾಗುವ ಸಾಧ್ಯತೆಯೇ ಹೆಚ್ಚು.

ಕೊಳ್ಳುವವರ ವಾದದಲ್ಲಿ ಬಲವಿಲ್ಲವೇ?

ಖಂಡಿತ ಇದೆ. ಮೇಲಿನ ಲೆಕ್ಕ ನಿಂತಿರುವುದು ಒಂದು ಷರತ್ತಿನ ಮೇಲೆ: ಬಾಡಿಗೆಯವರು ಉಳಿದ ಹಣವನ್ನು ನಿಜವಾಗಿಯೂ ಹೂಡಬೇಕು. ತಿಂಗಳಿಗೆ 36,000 ರೂಪಾಯಿಗಿಂತ ಹೆಚ್ಚಿನ ವ್ಯತ್ಯಾಸ ಕಾರಿಗೆ, ಪ್ರವಾಸಕ್ಕೆ, ಸಮಾರಂಭಗಳಿಗೆ ಕರಗಿಹೋದರೆ, 20 ವರ್ಷದ ಬಳಿಕ ಕೊಂಡವರ ಬಳಿ ಮನೆ ಇರುತ್ತದೆ, ಇವರ ಬಳಿ ಏನೂ ಇರುವುದಿಲ್ಲ. ಕಂತು ತಪ್ಪಿದರೆ ಬ್ಯಾಂಕು ಬಾಗಿಲಿಗೆ ಬರುತ್ತದೆ. ಹೂಡಿಕೆ ತಪ್ಪಿದರೆ ಕೇಳುವವರಿಲ್ಲ. ಬಲವಂತದ ಉಳಿತಾಯ ಎಂಬ ಈ ಗುಣವೇ ಸ್ವಂತ ಮನೆಯ ಅತಿ ದೊಡ್ಡ ಶಕ್ತಿ. ಇದನ್ನು ಹಗುರವಾಗಿ ಕಾಣುವ ಬಾಡಿಗೆ ವಾದ ಪ್ರಾಮಾಣಿಕವಾದುದಲ್ಲ.

ಎರಡನೆಯದು ಮುಪ್ಪಿನ ಪ್ರಶ್ನೆ. ಸಂಬಳ ನಿಂತ ಮೇಲೂ ಬಾಡಿಗೆ ಏರುತ್ತಲೇ ಇರುತ್ತದೆ. 30,000 ರೂಪಾಯಿಯ ಬಾಡಿಗೆ ಶೇ 6ರಂತೆ ಏರಿದರೆ 20ನೇ ವರ್ಷಕ್ಕೆ 90,000 ರೂಪಾಯಿ ದಾಟುತ್ತದೆ. ಕೂಡಿಟ್ಟ ಗಂಟು ಇಲ್ಲದ ನಿವೃತ್ತ ದಂಪತಿಗೆ ಇದು ಹೊರಲಾರದ ಹೊರೆ. 50 ದಾಟಿದವರಿಗೆ, ಮಕ್ಕಳ ಓದು ಮುಗಿದು ಊರು ಬದಲಿಸುವ ಅಗತ್ಯ ಇಲ್ಲದವರಿಗೆ, ಸಾಲ ಕಡಿಮೆ ಸಾಕೆನ್ನುವಷ್ಟು ಹಣ ಕೈಯಲ್ಲಿರುವವರಿಗೆ ಸ್ವಂತ ಮನೆಯೇ ಸರಿ. ಊರಿನಲ್ಲಿ ಪಿತ್ರಾರ್ಜಿತ ಜಾಗ ಇದ್ದು ಕಟ್ಟಡದ ಖರ್ಚು ಮಾತ್ರ ಹಾಕಬೇಕಾದವರಿಗೂ ಬೆಂಗಳೂರಿನ ಈ ಲೆಕ್ಕ ಅನ್ವಯಿಸುವುದಿಲ್ಲ.

ತೆರಿಗೆ ವಿನಾಯಿತಿಯ ಹಳೆಯ ಲೆಕ್ಕ

ತೆರಿಗೆ ಉಳಿಸಲು ಗೃಹಸಾಲ ಮಾಡಿ ಎಂಬ ಸಲಹೆ ಈಗ ಬಹುಮಟ್ಟಿಗೆ ಅಪ್ರಸ್ತುತ. ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗಿನ ಕಡಿತ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷದ ಬಡ್ಡಿ 6 ಲಕ್ಷ ದಾಟಿರುವುದರಿಂದ ಮೂರನೇ ಒಂದು ಭಾಗಕ್ಕೂ ವಿನಾಯಿತಿ ಸಿಕ್ಕುವುದಿಲ್ಲ. ಹೊಸ ಪದ್ಧತಿಯಲ್ಲಿ ಆ ಕಡಿತವೂ ಇಲ್ಲ, ಮನೆ ಬಾಡಿಗೆ ಭತ್ಯೆಯ ವಿನಾಯಿತಿಯೂ ಇಲ್ಲ. 2025ರ ಬಜೆಟ್‌ನಲ್ಲಿ 12 ಲಕ್ಷದವರೆಗಿನ ಆದಾಯವನ್ನು ತೆರಿಗೆಯಿಂದ ಮುಕ್ತಗೊಳಿಸಿದ ಮೇಲೆ ಹೆಚ್ಚಿನವರಿಗೆ ಹೊಸ ಪದ್ಧತಿಯೇ ಅನುಕೂಲ. ಮನೆ ಮಾರುವಾಗಿನ ಲಾಭದ ತೆರಿಗೆಯೂ ಬದಲಾಗಿದೆ. 2024ರ ಜುಲೈ 23ರಿಂದ ಈಚೆಗೆ ಕೊಂಡ ಮನೆಗೆ ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಶೇ 12.5ರ ತೆರಿಗೆ.

ಬಿಟ್ಟುಹೋಗುವ ಸ್ವಾತಂತ್ರ್ಯ

2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಜಲಾವೃತವಾದಾಗ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಬಾಡಿಗೆಯವರಿಗೆ ಅಡ್ವಾನ್ಸ್ ವಾಪಸು ಪಡೆದು ಬೇರೆ ಕಡೆ ಹೋಗುವ ದಾರಿ ಇತ್ತು. ಮಾಲೀಕರು ಹಾಳಾದ ನೆಲಮಾಳಿಗೆಯನ್ನು ಇಟ್ಟುಕೊಂಡು ಅಲ್ಲೇ ಉಳಿದರು, ಕಂತು ಮಾತ್ರ ಒಂದು ತಿಂಗಳೂ ನಿಲ್ಲಲಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ನೀರಿಗೆ ಪರದಾಡಿದಾಗಲೂ ಕಂಡದ್ದು ಇದೇ. ನೆರೆ, ನೀರಿನ ಕೊರತೆ, ಪಕ್ಕದಲ್ಲಿ ಎದ್ದು ನಿಂತ ಕಟ್ಟಡ, ಹದಗೆಟ್ಟ ರಸ್ತೆ ಇವೆಲ್ಲವೂ ಆಸ್ತಿಯ ಜತೆ ಬರುವ ಅಪಾಯಗಳು. ಬಾಡಿಗೆಯವರು ಅವನ್ನು ಕೊಂಡಿರುವುದಿಲ್ಲ.

ದಾಖಲೆಗಳ ಅಪಾಯ ಇನ್ನೂ ಕಠಿಣವಾದದ್ದು. ಬಿ ಖಾತಾ, ಅಂದರೆ ಪೂರ್ತಿ ಅನುಮೋದನೆ ಇಲ್ಲದ ಆಸ್ತಿಯೆಂದು ಪಾಲಿಕೆಯಲ್ಲಿ ದಾಖಲಾದ ಮನೆಗೆ ಸಾಲ ಕೊಡಲು ಹೆಚ್ಚಿನ ಬ್ಯಾಂಕುಗಳು ಹಿಂಜರಿಯುತ್ತವೆ. ಬಿ ಖಾತಾ ನಿವೇಶನಗಳನ್ನು ಎ ಖಾತಾಗೆ ಬದಲಿಸಲು 2025ರಲ್ಲಿ ಬಂದ ಯೋಜನೆಯಲ್ಲಿ ಮಾರ್ಗಸೂಚಿ ದರದ (ಸರ್ಕಾರ ನಿಗದಿಪಡಿಸಿದ ಬೆಲೆಯ) ಶೇ 5ರಷ್ಟು ಶುಲ್ಕ ಕಟ್ಟಬೇಕಿತ್ತು. ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬಳಿಕ ಹೊಸದಾಗಿ ಮನೆ ಕಟ್ಟಿದ ಸಾವಿರಾರು ಜನ ಬೆಸ್ಕಾಂ ಮೀಟರಿಗಾಗಿ ಅಲೆದರು. ನಕ್ಷೆ ಮೀರಿ ಕಟ್ಟಿದ ಬಿಲ್ಡರ್ ಮಾರಿ ಹೋಗಿರುತ್ತಾನೆ, ಕೊಂಡವರು ಸಿಕ್ಕಿಬೀಳುತ್ತಾರೆ.

ಉದ್ಯೋಗದ ವಿಷಯವೂ ಹೀಗೆಯೇ. ವೈಟ್‌ಫೀಲ್ಡ್‌ನಲ್ಲಿ ಮನೆ ಕೊಂಡವರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕರೆ ದಿನಕ್ಕೆ ಮೂರು ತಾಸು ರಸ್ತೆಯಲ್ಲೇ ಕಳೆಯಬೇಕು, ಇಲ್ಲವೇ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು ತಾವೇ ಇನ್ನೊಂದು ಬಾಡಿಗೆ ಮನೆ ಹಿಡಿಯಬೇಕು. ಕಂತಿನ ಭಯಕ್ಕೆ ಬೇರೆ ಊರಿನ ಉತ್ತಮ ಕೆಲಸವನ್ನು ಬಿಟ್ಟವರೂ, ಕೆಟ್ಟ ಕೆಲಸಕ್ಕೇ ಅಂಟಿಕೊಂಡವರೂ ಐಟಿ ವಲಯದಲ್ಲಿ ಎಷ್ಟೋ ಮಂದಿ. ಉದ್ಯೋಗ ಕಡಿತದ ಕಾಲದಲ್ಲಿ 30,000 ರೂಪಾಯಿಯ ಬಾಡಿಗೆಯಿಂದ 18,000 ರೂಪಾಯಿಯ ಮನೆಗೆ ಇಳಿಯಬಹುದು. ಕಂತನ್ನು ಹಾಗೆ ಇಳಿಸಲಾಗದು.

ಬಾಡಿಗೆಯವರ ಅಭದ್ರತೆ ಕಾನೂನಿನಿಂದಲೇ ಹುಟ್ಟಿದ್ದು

ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೂ ಜನ ಸಾಲ ಮಾಡಿ ಮನೆ ಕೊಳ್ಳುವುದೇಕೆ? ಬಾಡಿಗೆಯಲ್ಲಿ ಅನುಭವಿಸುವ ಅವಮಾನ ಮತ್ತು ಅನಿಶ್ಚಿತತೆಯಿಂದ ತಪ್ಪಿಸಿಕೊಳ್ಳಲು. ಇದನ್ನು ಭಾವುಕತೆ ಎಂದು ತಳ್ಳಿಹಾಕುವುದು ಅನ್ಯಾಯ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಮನೆ ಖಾಲಿ ಮಾಡುವ ದಿನ ಈ ಹಣದ ಕಥೆ ಶುರುವಾಗುತ್ತದೆ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿಯುತ್ತಾರೆ. ಗೀಸರ್ ಕೆಟ್ಟಿದೆ, ಗೋಡೆಗೆ ಮೊಳೆ ಹೊಡೆದಿದ್ದೀರಿ, ಸಿಂಕಿನ ನಲ್ಲಿ ಸಡಿಲವಾಗಿದೆ ಎಂದು ಪಟ್ಟಿ ಬೆಳೆಯುತ್ತದೆ. ಉಳಿದದ್ದು ಹೊಸ ಬಾಡಿಗೆದಾರರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಎನ್ನುತ್ತಾರೆ. ಹೊಸ ಮನೆಗೆ ಅಡ್ವಾನ್ಸ್ ಹೊಂದಿಸಬೇಕಾದ ಕುಟುಂಬ ಅಷ್ಟರಲ್ಲಿ ಕೈಸಾಲಕ್ಕೆ ಇಳಿದಿರುತ್ತದೆ.

ಮನೆ ಹುಡುಕುವ ಹಂತವೇ ಹಲವರಿಗೆ ದಾಟಲಾರದ ಗೋಡೆ. ಯಾವ ಜನ, ಮಾಂಸ ತಿನ್ನುತ್ತೀರಾ, ಮದುವೆ ಆಗಿದೆಯಾ ಎಂಬ ಪ್ರಶ್ನೆಗಳು ಬಾಡಿಗೆ ಎಷ್ಟು ಎಂಬುದಕ್ಕಿಂತ ಮೊದಲು ಬರುತ್ತವೆ. ದಲಿತರು, ಮುಸ್ಲಿಮರು, ಒಂಟಿ ಮಹಿಳೆಯರು ಫೋನಿನಲ್ಲೇ ‘ಮನೆ ಕೊಟ್ಟಾಯಿತು’ ಎಂಬ ಉತ್ತರ ಕೇಳುತ್ತಾರೆ. ಇವರ ಪಾಲಿಗೆ ಸ್ವಂತ ಮನೆ ಹೂಡಿಕೆಯ ಲೆಕ್ಕವಲ್ಲ, ಮರ್ಯಾದೆಯ ಪ್ರಶ್ನೆ. ಶೇ 7, ಶೇ 6 ಎಂಬ ಮೇಲಿನ ಯಾವ ಅಂಕಿಯೂ ಅದನ್ನು ಅಳೆಯಲಾರದು.

ಈಗ ಆ ‘ಹೊಸ ಬಾಡಿಗೆ ನಿಯಮ’ದ ವಿಷಯ. ಎರಡು ತಿಂಗಳ ಅಡ್ವಾನ್ಸ್ ಮಿತಿ ಇರುವುದು ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ. ಅದು ರಾಜ್ಯಗಳು ಅನುಸರಿಸಲೆಂದು ಕೊಟ್ಟ ಮಾದರಿ, ತಾನಾಗಿಯೇ ಎಲ್ಲೂ ಜಾರಿಯಾಗುವುದಿಲ್ಲ. ಕರ್ನಾಟಕ ಅದನ್ನು ಅಳವಡಿಸಿಕೊಂಡಿಲ್ಲ. ಆದ್ದರಿಂದ ಆ ಸಂದೇಶವನ್ನು ತೋರಿಸಿ ಮಾಲೀಕರ ಜತೆ ವಾದಿಸಿದರೆ ಫಲವಿಲ್ಲ.

ನಮ್ಮಲ್ಲಿರುವುದು 1999ರ ಕರ್ನಾಟಕ ಬಾಡಿಗೆ ಕಾಯಿದೆ. ಬೆಂಗಳೂರಿನಂತಹ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ ಆ ಮೊತ್ತಕ್ಕೆ ಒಂದು ಕೋಣೆಯೂ ಸಿಗುವುದು ಕಷ್ಟ. ಎಂದರೆ ನಗರದ ಬಹುಪಾಲು ಬಾಡಿಗೆದಾರರು ಆ ಕಾಯಿದೆಯ ಹೊರಗಿದ್ದಾರೆ. ಅವರಿಗೆ ಉಳಿದಿರುವುದು ಆಸ್ತಿ ವರ್ಗಾವಣೆ ಕಾಯಿದೆಯ ಸಾಮಾನ್ಯ ನಿಯಮಗಳು ಮತ್ತು ಮಾಲೀಕರ ಜತೆ ಮಾಡಿಕೊಂಡ ಕರಾರು. ಆ ಕರಾರೂ 11 ತಿಂಗಳದ್ದು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ, ಅದರ ಖರ್ಚು ತಪ್ಪಿಸಲು ಈ ಉಪಾಯ. ಪರಿಣಾಮವಾಗಿ 11 ತಿಂಗಳಿಗೊಮ್ಮೆ ಬಾಡಿಗೆದಾರರ ನೆಲೆ ಮಾಲೀಕರ ಮರ್ಜಿಗೆ ಬೀಳುತ್ತದೆ. ಮಗುವಿನ ಶಾಲೆ ಪಕ್ಕದಲ್ಲೇ ಇದೆ ಎಂಬುದು ಗೊತ್ತಿರುವ ಮಾಲೀಕರಿಗೆ ಎಷ್ಟು ಏರಿಸಿದರೂ ಇವರು ಹೋಗುವುದಿಲ್ಲ ಎಂಬುದೂ ಗೊತ್ತಿರುತ್ತದೆ.

ಪಕ್ಕದ ತಮಿಳುನಾಡು 2017ರಲ್ಲೇ ಹೊಸ ಕಾನೂನು ಮಾಡಿ 2019ರಿಂದ ಜಾರಿಗೆ ತಂದಿತು. ಕರಾರು ಲಿಖಿತವಾಗಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಾಗಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ‘ಬೇರೆ ಒಪ್ಪಂದ’ ಎಂಬ ಕಿಂಡಿ ದೊಡ್ಡದೇ. ಆದರೂ ಜಗಳ ಬಂದಾಗ ಹೋಗಲು ಒಂದು ಬಾಗಿಲಾದರೂ ಅಲ್ಲಿದೆ.

ಭೋಗ್ಯ: ಅಗ್ಗವೆಂಬ ಆಸೆ, ದಾಖಲೆಯಲ್ಲಿ ಅಪಾಯ

ಬಾಡಿಗೆಗೂ ಖರೀದಿಗೂ ನಡುವೆ ಬೆಂಗಳೂರಿನಲ್ಲಿ ಭೋಗ್ಯದ ದಾರಿ ಇದೆ. ಜನ ಇದನ್ನು ಲೀಸ್ ಎಂದೂ ಕರೆಯುತ್ತಾರೆ. ಒಂದು ದೊಡ್ಡ ಮೊತ್ತವನ್ನು ಮಾಲೀಕರಿಗೆ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ವಾಸಿಸಿ, ಹೊರಡುವಾಗ ಬಡ್ಡಿ ಇಲ್ಲದೆ ಪೂರ್ತಿ ಹಣ ವಾಪಸು ಪಡೆಯುವುದು. 15 ಲಕ್ಷ ಕೊಟ್ಟು ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆ ಸಿಕ್ಕರೆ ಆ ಹಣಕ್ಕೆ ವರ್ಷಕ್ಕೆ ಶೇ 16ರ ಆದಾಯ ಬಂದಂತೆ. ಯಾವ ಬ್ಯಾಂಕಿನ ಠೇವಣಿಯೂ ಇಷ್ಟು ಕೊಡುವುದಿಲ್ಲ.

ಇಷ್ಟು ದುಬಾರಿಯಾಗಿ ಹಣ ಪಡೆಯಲು ಮಾಲೀಕರು ಯಾಕೆ ಒಪ್ಪುತ್ತಾರೆ ಎಂಬ ಪ್ರಶ್ನೆಯಲ್ಲೇ ಅಪಾಯದ ಸುಳಿವಿದೆ. ಕೆಲವರಿಗೆ ಮಗಳ ಮದುವೆಯೋ ಮೇಲಿನ ಮಹಡಿ ಕಟ್ಟುವ ಖರ್ಚೋ ಇರುತ್ತದೆ. ಇನ್ನು ಕೆಲವರು ಆ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಕಂತು ಕಟ್ಟಲಾಗದ ಸ್ಥಿತಿಗೆ ಬಂದಿರುತ್ತಾರೆ. ಕಂತು ನಿಂತಾಗ ಬ್ಯಾಂಕು, ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆಯಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯಿದೆಯಡಿ ಬಾಗಿಲಿಗೆ ನೋಟಿಸು ಅಂಟಿಸುತ್ತದೆ. ನೋಂದಣಿ ಆಗದ ಭೋಗ್ಯ ಪತ್ರ ಹಿಡಿದವರ ಮಾತಿಗೆ ಅಲ್ಲಿ ಬೆಲೆ ಸಿಗುವುದು ಕಷ್ಟ. ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ಅದನ್ನೇ ಬೇರೆಯವರಿಗೆ ಭೋಗ್ಯಕ್ಕೆ ಕೊಟ್ಟು ಲಕ್ಷಗಟ್ಟಲೆ ಸಂಗ್ರಹಿಸಿ ಪರಾರಿಯಾದ ಮಧ್ಯವರ್ತಿಗಳ ಪ್ರಕರಣಗಳೂ ನಗರದಲ್ಲಿ ನಡೆದಿವೆ. ಭೋಗ್ಯಕ್ಕೆ ಹೋಗುವವರು ರಾಜ್ಯ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಆ ಆಸ್ತಿಯ ಋಣಭಾರ ಪ್ರಮಾಣಪತ್ರ (ಅದರ ಮೇಲಿನ ಸಾಲ, ವ್ಯವಹಾರಗಳ ದಾಖಲೆ) ತೆಗೆದು ನೋಡಬೇಕು, ಹಣವನ್ನು ಬ್ಯಾಂಕಿನ ಮೂಲಕ ಮಾಲೀಕರ ಖಾತೆಗೇ ಹಾಕಬೇಕು, ಪತ್ರವನ್ನು ನೋಂದಾಯಿಸಬೇಕು. ನೋಂದಣಿಗೆ ಒಪ್ಪದ ಮಾಲೀಕರ ಮನೆಯನ್ನು ಬಿಡುವುದೇ ಒಳಿತು.

ಹೀಗೇ ಮುಂದುವರಿದರೆ

ಬಾಡಿಗೆಯಲ್ಲಿ ಭದ್ರತೆ ಇಲ್ಲದ ನಗರದಲ್ಲಿ ಜನ ಲೆಕ್ಕ ನೋಡಿ ಮನೆ ಕೊಳ್ಳುವುದಿಲ್ಲ, ಭಯಕ್ಕೆ ಕೊಳ್ಳುತ್ತಾರೆ. ಭಯಕ್ಕೆ ಕೊಳ್ಳುವವರು ತಮ್ಮ ಶಕ್ತಿಯ ಕೊನೆಯ ಅಂಚಿಗೆ ಹೋಗಿ ಸಾಲ ಮಾಡುತ್ತಾರೆ. ಸಂಬಳದ ಅರ್ಧ ಕಂತಿಗೆ ಹೋದರೆ ವೈದ್ಯಕೀಯ ವಿಮೆಗೆ, ಮಕ್ಕಳ ಓದಿಗೆ, ಕಷ್ಟಕಾಲದ ಉಳಿತಾಯಕ್ಕೆ ಏನೂ ಉಳಿಯುವುದಿಲ್ಲ. ನಗರದೊಳಗೆ ಎಟುಕದವರು ಆನೇಕಲ್, ಹೊಸಕೋಟೆಯ ಆಚೆಗೆ ಹೋಗಿ, ಬಸ್ಸೂ ಕಾವೇರಿ ನೀರೂ ತಲುಪದ ಕಡೆ ಕೊಳ್ಳುತ್ತಾರೆ. ನಗರ ಅಗಲವಾಗುತ್ತದೆ, ಪ್ರಯಾಣ ಉದ್ದವಾಗುತ್ತದೆ.

ಮಾಲೀಕರ ಕಡೆಯಿಂದ ನೋಡಿದರೂ ಈಗಿನ ಸ್ಥಿತಿ ಹಿತವಲ್ಲ. ಬಾಡಿಗೆ ಆದಾಯ ಶೇ 3ರಿಂದ 4 ಮಾತ್ರ. ಬಾಡಿಗೆದಾರ ಬಿಡದೆ ಕುಳಿತರೆ ಸಿವಿಲ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಅಲೆದಾಟ. ಹತ್ತು ತಿಂಗಳ ಅಡ್ವಾನ್ಸ್ ಕೇಳುವುದರ ಹಿಂದೆ ಈ ಭಯವೂ ಇದೆ. ದೇಶದ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಇದ್ದವು ಎಂದು 2011ರ ಜನಗಣತಿ ದಾಖಲಿಸಿತ್ತು. ಬಾಡಿಗೆಗೆ ಮನೆ ಸಿಗದವರೂ ಬಾಡಿಗೆಗೆ ಕೊಡಲು ಹೆದರಿ ಬೀಗ ಹಾಕಿಟ್ಟವರೂ ಒಂದೇ ನಗರದಲ್ಲಿ ಇದ್ದಾರೆ. ವಿವಾದ ಬೇಗ ಬಗೆಹರಿಯುತ್ತದೆ ಎಂಬ ನಂಬಿಕೆ ಮಾಲೀಕರಿಗೆ ಬಂದರೆ ಅಡ್ವಾನ್ಸ್ ತಾನಾಗಿ ಇಳಿಯುತ್ತದೆ. ಮೂರು ವರ್ಷ ಎಬ್ಬಿಸುವುದಿಲ್ಲ, ಏರಿಕೆಯ ದರ ಮೊದಲೇ ನಿಗದಿ ಎಂಬ ಭರವಸೆ ಬಾಡಿಗೆದಾರರಿಗೆ ಸಿಕ್ಕರೆ ಅವರೂ ಮನೆಯನ್ನು ಚೆನ್ನಾಗಿ ಇಟ್ಟುಕೊಳ್ಳುತ್ತಾರೆ. ಜನಸಂಖ್ಯೆಯ ಅರ್ಧದಷ್ಟು ಬಾಡಿಗೆ ಮನೆಗಳಲ್ಲೇ ಇರುವ ಜರ್ಮನಿಯಲ್ಲಿ ಬಾಡಿಗೆ ಎನ್ನುವುದು ಬಡತನದ ಗುರುತಾಗದಿರಲು ಕಾರಣ ಅಲ್ಲಿನ ಗಟ್ಟಿಯಾದ ಬಾಡಿಗೆ ಕಾನೂನು.

ಅಲ್ಲಿಯವರೆಗೆ ಬಾಡಿಗೆದಾರರು ತಮ್ಮ ಕರಾರಿನಲ್ಲೇ ಕೆಲವನ್ನು ಬರೆಸಿಕೊಳ್ಳಬಹುದು: ವರ್ಷಕ್ಕೆ ಎಷ್ಟು ಏರಿಕೆ, ಖಾಲಿ ಮಾಡಲು ಎಷ್ಟು ತಿಂಗಳ ಮುನ್ಸೂಚನೆ, ಬಣ್ಣಕ್ಕೆ ಎಷ್ಟು ಮುರಿಯುತ್ತಾರೆ, ಬೀಗದ ಕೈ ಕೊಟ್ಟ ಎಷ್ಟು ದಿನದೊಳಗೆ ಅಡ್ವಾನ್ಸ್ ವಾಪಸು. ಮನೆಗೆ ಹೋಗುವ ದಿನವೇ ಗೋಡೆ, ನಲ್ಲಿ, ಗೀಸರಿನ ಫೋಟೊ ತೆಗೆದು ಮಾಲೀಕರಿಗೆ ಕಳುಹಿಸಿದರೆ ಹೊರಡುವ ದಿನದ ಜಗಳ ಅರ್ಧ ಕಡಿಮೆ. ಆದರೆ ಇವೆಲ್ಲವೂ ಒಬ್ಬೊಬ್ಬರ ಚೌಕಾಸಿ ಬಲದ ಮೇಲೆ ನಿಂತಿವೆ. ಮನೆ ಸಿಕ್ಕರೆ ಸಾಕು ಎನ್ನುವವರಿಗೆ ಆ ಬಲ ಇರುವುದಿಲ್ಲ. ಅವರಿಗೆ ಬೇಕಿರುವುದು ಕಾಯಿದೆಯ ರಕ್ಷಣೆ, ಮತ್ತು ಕರ್ನಾಟಕದಲ್ಲಿ ಅದು ಶುರುವಾಗಬೇಕಾದದ್ದು 3,500 ರೂಪಾಯಿಯ ಆ ಮಿತಿಯನ್ನು ತೆಗೆದುಹಾಕುವುದರಿಂದ.